ಈರಕ್ಕನ ಮುಂದೆ ಐದು ಜಾಡಿ ಕೆಂಪು ಖಾರ

ಸಂಕ್ರಾಂತಿ ಮುಗಿದು ಹಣ್ಣು ಮೆಣಸಿನಕಾಯಿ ಕೊಟ್ಟೂರಿನ ಸಂತೆಗೆ ಬರತೊಡಗಿದರೆ ಮುಂದಿನ ಹದಿನೈದು ದಿನ ಈರಕ್ಕ ತನ್ನ ಮನೆಯಲ್ಲಿ ಸಿಗುತ್ತಿರಲಿಲ್ಲ. ವರ್ಷಕ್ಕಾಗುವಷ್ಟು ಕೆಂಪು ಖಾರ ಅರೆದಿಡುವ ಕಾಲ ಅದು. ಗಿಡದಲ್ಲೇ ಕೆಂಪಗೆ ಹಣ್ಣಾದ ಹಸಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉಪ್ಪು, ಹುಣಸೆಹಣ್ಣು, ಬೆಳ್ಳುಳ್ಳಿ, ಹುರಿದ ಮೆಂತ್ಯ, ಚೂರು ಬೆಲ್ಲ ಹಾಕಿ ಒರಳಲ್ಲಿ ರುಬ್ಬಿ ಜಾಡಿಗೆ ತುಂಬಿ ಮೇಲೆ ಎಣ್ಣೆ ಹೊಯ್ಯುತ್ತಾರೆ. ಉಪ್ಪು ಕಡಿಮೆಯಾದರೆ ಯುಗಾದಿಯೊಳಗೆ ಬೂಷ್ಟು ಹಿಡಿಯುತ್ತದೆ. ಮೆಂತ್ಯ ಒಂದಿಷ್ಟು ಹೆಚ್ಚು ಹುರಿದರೂ ವರ್ಷವಿಡೀ ಕಹಿ ತಿನ್ನಬೇಕು. ಹಾಗಾಗಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುವ ಮೊದಲು ನಮ್ಮ ಓಣಿಯವರೆಲ್ಲ ಈರಕ್ಕನನ್ನು ಕರೆಸುತ್ತಿದ್ದರು.

ಅವಳು ಬಂದವಳು ಅಂಗೈ ಚಾಚುವಳು. ಕಡಲೆಕಾಳಿನಷ್ಟು ಖಾರ ಹಾಕಿಸಿಕೊಂಡು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂಡುವಳು. ಆಮೇಲೆ ನಾಲಗೆಗೆ ಹಚ್ಚಿಕೊಂಡು ಬಾಯಿ ಮುಚ್ಚಿ ಗೋಡೆ ನೋಡುವಳು. ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳುತ್ತಿರಲಿಲ್ಲ. ಆಮೇಲೆ ಒಂದೊಂದೇ ಮಾತು. "ಬೆಳ್ಳುಳ್ಳಿ ನಿನ್ನಿ ಸುಲಿದಿಟ್ಟಿದ್ದು." "ಇದು ಬ್ಯಾಡಗಿ ಕಾಯಿ ಅಲ್ಲ, ಗುಂಟೂರು ಬೆರಸ್ಯಾರ, ನಿಮಗ ಯಾರೋ ಮೋಸ ಮಾಡ್ಯಾರ." ಒಮ್ಮೆ ಪಕ್ಕದ ಮನೆಯಲ್ಲಿ, "ಈ ಒರಳಾಗ ಶೇಂಗಾ ಅರದು ಸರಿಯಾಗಿ ತೊಳದಿಲ್ಲ" ಅಂದಳು. ಆ ಮನೆಯ ಸೊಸೆ ತಲೆ ತಗ್ಗಿಸಿಬಿಟ್ಟಳು. ಯಾವ ಖಾರವನ್ನೂ ಈರಕ್ಕ ಚೆನ್ನಾಗಿದೆ ಅಂದದ್ದನ್ನು ನಾನು ಕೇಳಿಲ್ಲ. ಒಪ್ಪಿಗೆಯಾದರೆ "ಕಟ್ರಿ ಬಟ್ಟಿ" ಅಂದು ಎದ್ದುಬಿಡುತ್ತಿದ್ದಳು. ಆ ಎರಡು ಮಾತಿಗಾಗಿ ಹೆಂಗಸರು ಕಾಯುತ್ತಿದ್ದರು.

ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಖಾನಾವಳಿ. ಅಪ್ಪ ಬೆನಕಪ್ಪ ಮುಂದೆ ಕೂತರೆ ಅವ್ವ ನೀಲಗಂಗಮ್ಮ ಒಲೆಯ ಮುಂದೆ. ಈರಕ್ಕ ರೊಟ್ಟಿ ಬಡಿಯಲು ಬಂದಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳ ತವರು ಹರಪನಹಳ್ಳಿ ಕಡೆಯ ತೆಲಿಗಿ. ಗಂಡ ಪಾಲಾಕ್ಷಪ್ಪ ಕುರಿ ಹಿಂಡಿನ ಜೊತೆ ಆರು ತಿಂಗಳು ಊರೂರು ತಿರುಗುವವನು. ಮಗ ಬೀರಲಿಂಗೇಶ್ ಟೆಂಪೋ ಓಡಿಸುತ್ತಿದ್ದ, ಸೊಸೆ ಸಂಗೀತಾ ಕೂಡ್ಲಿಗಿ ಕಡೆಯವಳು. ಖಾನಾವಳಿಗೆ ಬರುವ ಲಾರಿಯವರು, ಉಜ್ಜಿನಿಗೆ ಹೋಗಿಬರುವ ಭಕ್ತರು ನಮ್ಮಲ್ಲಿ ಪಲ್ಯ ಬಿಟ್ಟರೂ ಖಾರ ಬಿಡುತ್ತಿರಲಿಲ್ಲ. ಕೈ ಅವ್ವನದು, ಅಳತೆ ಈರಕ್ಕನದು.

ಎರಡು ಸಾವಿರನೇ ಇಸವಿಯ ದೀಪಾವಳಿಯ ಮೇಲೆ ಈರಕ್ಕನಿಗೆ ಥಂಡಿ ಜ್ವರ ಬಂತು. ಎಂಟು ದಿನ ಮಲಗಿದಳು. ಎದ್ದು ಕೆಲಸಕ್ಕೆ ಬಂದಾಗ ಸ್ವಲ್ಪ ಇಳಿದಿದ್ದಳು, ಅಷ್ಟೇ. ನಮಗೆ ಬೇರೇನೂ ಗೊತ್ತಾಗಲಿಲ್ಲ. ಅವಳ ಮನೆಯಲ್ಲಿ ಮಾತ್ರ ಜಗಳ ಶುರುವಾಗಿತ್ತು. ಇದನ್ನೆಲ್ಲ ಸಂಗೀತಾ ನನಗೆ ಬಹಳ ದಿನಗಳ ಮೇಲೆ ಹೇಳಿದಳು.

"ಏನು ಮಾಡಿಟ್ಟಿ ಇದು? ಬಿಸಿನೀರಿಗೆ ಉಪ್ಪು ಹಾಕಿದಂಗೈತಿ" ಎಂದು ಈರಕ್ಕ ಸಾರಿನ ಬಟ್ಟಲು ದೂಡುವಳು.

"ಇಡೀ ಗಡ್ಡಿ ಬೆಳ್ಳುಳ್ಳಿ ಜಜ್ಜಿ ಹಾಕೀನಿ ಅತ್ತಿ."

"ಸುಳ್ಳು ಹೇಳಬ್ಯಾಡ. ಬೆಳ್ಳುಳ್ಳಿ ಹಾಕಿದ್ರ ಬೀದಿಗೆ ಗೊತ್ತಾಕ್ಕತಿ."

ಬೆಳ್ಳುಳ್ಳಿಯ ಅಂಗಡಿ ಬದಲಾಯಿತು. ಅದರ ಮೇಲೆ ಎಣ್ಣೆ ಬದಲಾಯಿತು. ನಲ್ಲಿಯ ನೀರು ಕೆಟ್ಟಿದೆ ಎಂದು ಈರಕ್ಕ ದೂರದ ಬಾವಿಯಿಂದ ಹೊತ್ತು ತಂದಳು. ಈಗಿನ ಕೊತ್ತಂಬರಿಗೆ ಘಮವೇ ಇಲ್ಲ, ಗೊಬ್ಬರ ಹಾಕಿ ಎಲ್ಲ ಹಾಳು ಮಾಡ್ಯಾರ ಎಂದು ಸಂತೆಯಲ್ಲಿ ರೈತರ ಜೊತೆ ಜಗಳಕ್ಕೆ ನಿಂತಳು. ಸಂಗೀತಾ ಒಮ್ಮೆ ಸಿಟ್ಟಿನಿಂದ ಎರಡು ಗಡ್ಡೆ ಬೆಳ್ಳುಳ್ಳಿ ಅರೆದು ಬರೀ ಅದನ್ನೇ ಚಟ್ನಿ ಮಾಡಿ ಬಡಿಸಿದಳು. ಈರಕ್ಕ ತಿಂದು, "ಖಾರ ಹತ್ತೈತಿ, ಆದ್ರ ಏನಿದು?" ಅಂದಳಂತೆ.

ಒಂದು ಬೆಳಿಗ್ಗೆ ಅವಳು ಒಲೆಯ ಹತ್ತಿರವೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಒಲೆಯ ಮೇಲೆ ಹಾಲು. ಬೆನ್ನು ಒಲೆಯ ಕಡೆಗಿತ್ತು. ಬೀರಲಿಂಗೇಶ್ ಟೆಂಪೋ ನಿಲ್ಲಿಸಿ ಬಂದವನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡ. ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕರ್ರಗಾಗಿ ಹೊಗೆ ಏಳುತ್ತಿತ್ತು.

"ಯವ್ವಾ, ಹಾಲು ಸೀದು ಕಲ್ಲಾಗೈತಿ. ಇಲ್ಲೇ ಕುಂತೀಯಲ್ಲ?"

ಈರಕ್ಕ ತಿರುಗಿ ನೋಡಿದಳು. ಪಾತ್ರೆ ಇಳಿಸಿ ಅದರೊಳಗೆ ಮುಖ ಇಟ್ಟಳು. ಎತ್ತಿ ಮತ್ತೆ ಇಟ್ಟಳು. ಆಮೇಲೆ ಮೂಲೆಯಲ್ಲಿದ್ದ ಸೀಮೆಎಣ್ಣೆ ಬುಡ್ಡಿ ತೆಗೆದು ಮೂಸಿದಳು, ಇಂಗಿನ ಡಬ್ಬಿ ಮೂಸಿದಳು, ಗಂಡನ ಕಂಬಳಿ ಮೂಸಿದಳು. ಯಾವುದರಲ್ಲೂ ಏನೂ ಇರಲಿಲ್ಲ. ಅವತ್ತು ಕೆಲಸಕ್ಕೆ ಬರಲಿಲ್ಲ. ಜ್ವರ ಮರುಕಳಿಸಿರಬೇಕು ಅಂದುಕೊಂಡೆವು.

ಮೊದಲು ಊರಿನ ಡಾಕ್ಟರು ಮೂಗಿಗೆ ಹನಿ ಬರೆದುಕೊಟ್ಟರು. ಹದಿನೈದು ದಿನ ಬಿಟ್ಟುಕೊಂಡರೂ ಗುಣ ಕಾಣಲಿಲ್ಲ. ಹರಪನಹಳ್ಳಿಯಲ್ಲಿ ಒಬ್ಬರು ಬೇರಿನ ಪುಡಿ ಕೊಟ್ಟರು. ಸೀನಿ ಸೀನಿ ಮೂಗಿನಿಂದ ರಕ್ತ ಬಂತೇ ಹೊರತು ವಾಸನೆ ಬರಲಿಲ್ಲ. ಉಜ್ಜಿನಿಗೆ ಹೋಗಿ ಹರಕೆ ಹೊತ್ತಳು. ಕೊನೆಗೆ ಬೀರಲಿಂಗೇಶ್ ದೊಡ್ಡ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ ಕೇಳಿದರು:

"ಖಾರ ಗೊತ್ತಾಗುತ್ತಾ?"

"ಆಕ್ಕತಿರಿ."

"ಉಪ್ಪು, ಹುಳಿ, ಸಿಹಿ?"

"ಎಲ್ಲ ಗೊತ್ತಾಕ್ಕತಿರಿ."

"ಮತ್ತೆ ನಿಮ್ಮ ತಕರಾರು ಏನು?"

ಬಸ್ಸಿನಲ್ಲಿ ವಾಪಸು ಬರುವಾಗ ಈರಕ್ಕ ದಾರಿಯುದ್ದಕ್ಕೂ ಅದನ್ನೇ ಹೇಳಿದಳಂತೆ. "ತಕರಾರು ಏನು ಅಂತ ಕೇಳ್ತಾನ. ಏನಂತ ಹೇಳ್ಲಿ ನಾನು? ಏನು ಹೋಗೇತಿ ಅದಕ್ಕ ಹೆಸರು ಎಲ್ಲೈತಿ?"

ಅವಳಿಗೆ ಉಳಿದದ್ದು ಉರಿ, ಉಪ್ಪು, ಹುಳಿ, ಸಿಹಿ, ಕಹಿ. ಬ್ಯಾಡಗಿಗೂ ಗುಂಟೂರಿಗೂ ಉರಿಯಲ್ಲಿ ವ್ಯತ್ಯಾಸ ಸಿಗುತ್ತಿತ್ತು. ಬೆಳ್ಳುಳ್ಳಿ ಇದೆಯೋ ಇಲ್ಲವೋ, ಇಂಗು ಬಿತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹಾಗಿದ್ದರೂ ಮುಂದಿನ ಸಂಕ್ರಾಂತಿಯ ಮೇಲೆ ಹೆಂಗಸರು ಕರೆದಾಗ ಹೋದಳು. ಹೋಗದಿದ್ದರೆ ಯಾಕೆ ಅಂತ ಕೇಳುತ್ತಾರಲ್ಲ. ಉಪ್ಪು ನಾಲಗೆಯಿಂದ ತಿಳಿಯುತ್ತಿತ್ತು. ಬಣ್ಣ, ನುಣುಪು ಕಣ್ಣಿಂದ. ಮಿಕ್ಕಿದ್ದಕ್ಕೆ ಅವಳು ಒಂದು ಉಪಾಯ ಹುಡುಕಿಕೊಂಡಿದ್ದಳು. "ಮೊದಲು ನೀವು ನೋಡ್ರಿ" ಎಂದು ಮನೆಯವರಿಗೆ ತಿನ್ನಿಸಿ ಅವರ ಮುಖ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿದರೆ "ಬೆಳ್ಳುಳ್ಳಿ ಹಳೇದು ಹಾಕೀರಿ" ಅನ್ನುವಳು. ನಾಲ್ಕರಲ್ಲಿ ಮೂರು ಸಲ ಅದೇ ನಿಜವಾಗಿರುತ್ತಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಆ ಹೊತ್ತಿಗೆ ನಾನು ಕೊಟ್ಟೂರಿನಲ್ಲಿ ಅಂಗನವಾಡಿ ಟೀಚರ್. ಸ್ತ್ರೀಶಕ್ತಿ ಸಂಘಗಳನ್ನು ಕಟ್ಟುವ ಕೆಲಸವೂ ನಮ್ಮದೇ. ಎರಡು ಸಾವಿರದ ಎರಡರ ಫೆಬ್ರುವರಿಯಲ್ಲಿ ದಾವಣಗೆರೆಯ ಗುರುಸಂಗಪ್ಪ ಎಂಬ ಉಪ್ಪಿನಕಾಯಿ ವ್ಯಾಪಾರಿ ನಮ್ಮ ಕಡೆಯ ಕೆಂಪು ಖಾರವನ್ನು ಬಾಟಲಿಯಲ್ಲಿ ಮಾರಬೇಕೆಂದು ಬಂದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದು ಕಡೆಯಿಂದ ಒಂದೊಂದು ಸಂಘ ಒಂದೊಂದು ಜಾಡಿ ತರುವುದು, ಅದರಲ್ಲಿ ಒಂದನ್ನು ಆರಿಸುವುದು, ಆಮೇಲೆ ಎಲ್ಲರೂ ಅದೇ ಹದದಲ್ಲಿ ಮಾಡಿಕೊಡುವುದು ಅಂತ ಮಾತಾಯಿತು.

"ಆರಿಸೋರು ಒಬ್ರೇ ಇರ್ಬೇಕು ಮೇಡಂ. ಐವತ್ತು ಜನ ಆರಿಸಿದ್ರೆ ಐವತ್ತು ಜಗಳ ಆಗ್ತವೆ. ಎಲ್ರೂ ಒಪ್ಪೋ ನಾಲಿಗೆ ಯಾರದೈತೆ ಹೇಳ್ರಿ" ಎಂದರು ಗುರುಸಂಗಪ್ಪ.

ನಾನು ಒಂದು ಕ್ಷಣವೂ ಯೋಚಿಸದೆ ಈರಕ್ಕನ ಹೆಸರು ಹೇಳಿದೆ.

ಅವಳು ಒಪ್ಪಲಿಲ್ಲ. ಮೊದಲು ಮಂಡಿನೋವು ಅಂದಳು. ಆಮೇಲೆ ಮಗ ಬೈತಾನ ಅಂದಳು. ನಾನು ಮೂರು ದಿನ ಬೆನ್ನು ಹತ್ತಿದೆ. ಅವ್ವ ರೊಟ್ಟಿಯ ತಟ್ಟೆ ಕೆಳಗಿಟ್ಟು, "ಐದೂರಾಗ ನಿನ್ನ ಹೆಸರು ಹೇಳ್ಯಾರ. ಹೋಗಲಾರದ ಏನು ದೊಡ್ಡಸ್ತಿಕಿ ನಿನ್ನದು ಈರೀ?" ಎಂದು ಗದರಿಸಿದಳು. ಈರಕ್ಕ ಅವ್ವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಆತು ಬಿಡ್ರಿ, ಹೋಗ್ತೀನಿ" ಅಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. ಅದು ಯಾತಕ್ಕೆ ಎಂದು ನಾನು ಕೇಳಲಿಲ್ಲ. ಒಪ್ಪಿದಳಲ್ಲ, ನನಗೆ ಅಷ್ಟು ಸಾಕಾಗಿತ್ತು.

ಹಗರಿಬೊಮ್ಮನಹಳ್ಳಿಯ ಒಂದು ಸಮುದಾಯ ಭವನದಲ್ಲಿ ಸೇರಿದ್ದೆವು. ನಲವತ್ತು ಹೆಂಗಸರಿದ್ದರು. ಜಾಡಿಗಳ ಮೇಲೆ ಊರಿನ ಹೆಸರಿಲ್ಲ, ಬರೀ ಅಂಕಿಯ ಚೀಟಿ. ಯಾವ ಅಂಕಿ ಯಾವ ಊರಿನದು ಎಂಬುದು ನನ್ನ ಪುಸ್ತಕದಲ್ಲಿ ಮಾತ್ರ ಇತ್ತು. ಈರಕ್ಕ ಒಳಗೆ ಬಂದವಳೇ ಮುಂದಿನ ಸಾಲಿನ ಹೆಂಗಸರ ಎದುರು ಕೂತು, "ಮೊದಲು ಎಲ್ಲಾರೂ ಒಂದೀಟೀಟು ನೋಡ್ರಿ, ಆಮ್ಯಾಲೆ ನಾನು" ಅಂದಳು.

"ಹಂಗೆ ಬ್ಯಾಡ. ಇವ್ರ ಮುಖ ನೋಡಿದ್ರೆ ಲೆಕ್ಕ ತಪ್ತೈತೆ" ಎಂದು ಗುರುಸಂಗಪ್ಪ ಅವಳ ಕುರ್ಚಿ, ಮೇಜನ್ನು ಭವನದ ಆ ತುದಿಗೆ, ಗೋಡೆಯ ಕಡೆ ಮುಖ ಮಾಡಿ ಹಾಕಿಸಿದರು. ಜಾಡಿಯ ಬಟ್ಟೆಯನ್ನೂ ಅವಳೇ ಬಿಚ್ಚಬೇಕು, ಯಾರೂ ಹತ್ತಿರ ಹೋಗಬಾರದು. ನ್ಯಾಯವಾದ ಏರ್ಪಾಡು ಎಂದು ನಾನೂ ತಲೆಯಾಡಿಸಿದೆ.

ಈರಕ್ಕನ ಬೆನ್ನಷ್ಟೇ ನಮಗೆ ಕಾಣುತ್ತಿತ್ತು. ಒಂದನೆಯದನ್ನು ಅಂಗೈಗೆ ಹಾಕಿಕೊಂಡಳು, ಮೂಗಿಗೆ ಹಿಡಿದಳು, ತಿಂದಳು. ಮಜ್ಜಿಗೆ ಕುಡಿದಳು. ಎರಡನೆಯದು. ಮೂರನೆಯದು. ಮತ್ತೆ ಒಂದನೆಯದಕ್ಕೆ ಹೋದಳು. ಮುಕ್ಕಾಲು ಗಂಟೆ ಹಿಡಿಯಿತು. ಹೆಂಗಸರು ಬೇಸರವಾಗಿ ಪಿಸುಗುಟ್ಟತೊಡಗಿದರು. ಅವಳು ಮೇಲಿಂದ ಮೇಲೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಖಾರಕ್ಕೆ ಬೆವರುವವಳು ಅವಳಲ್ಲ. ನನಗೆ ಆಗಲೂ ಹೊಳೆಯಲಿಲ್ಲ.

ಕೊನೆಗೆ ಎದ್ದು ನಿಂತು, "ಮೂರನೇದು" ಅಂದಳು. "ಉಪ್ಪು ಸರಿ ಐತಿ, ಬಣ್ಣ ಐತಿ, ಉರಿ ನಿಧಾನಕ್ಕ ಏರತೈತಿ. ಜಾಡಿ ವರ್ಷ ಬಾಳತೈತಿ."

ಗುರುಸಂಗಪ್ಪ ಹೋಗಿ ಚಮಚದಲ್ಲಿ ತೆಗೆದುಕೊಂಡರು. ಬಾಯಿಯವರೆಗೆ ಬಂದ ಚಮಚ ಅಲ್ಲೇ ನಿಂತಿತು. ಜಾಡಿಯನ್ನು ಎತ್ತಿ ಮೂಸಿ ನೋಡಿ ನಮ್ಮ ಕಡೆ ತಿರುಗಿದರು.

"ಇದಕ್ಕೆ ಸೀಮೆಎಣ್ಣೆ ವಾಸ್ನೆ ಹೊಡೀತೈತಲ್ಲಮ್ಮ."

ಹತ್ತಿರದವರು ಎದ್ದು ಹೋಗಿ ಮೂಸಿದರು. ಮೂಸಿದವರೆಲ್ಲ ಮುಖ ಹಿಂಡಿದರು. ನಾನೂ ಹೋದೆ. ಜಾಡಿಯ ಬಾಯಿಗೆ ಬಗ್ಗಿದರೆ ಸಾಕು, ಕಂದೀಲು ಹಚ್ಚುವ ಕೋಣೆಯ ನಾತ. ಮೇಲೆ ತೇಲುತ್ತಿದ್ದ ಎಣ್ಣೆಯಲ್ಲೇ ಇತ್ತು ಅದು. ನಾನು ಪುಸ್ತಕ ತೆರೆದೆ. ಮೂರು ಎಂದರೆ ಹರಪನಹಳ್ಳಿ ಕಡೆಯದು, ತೆಲಿಗಿಯ ಸಂಘದ್ದು. ಹೇಳದೆ ಗತಿ ಇರಲಿಲ್ಲ, ಹೇಳಿದೆ.

ತೆಲಿಗಿಯ ಗಾದೆಮ್ಮ ಎದ್ದು ನಿಂತು ಅಳುವ ದನಿಯಲ್ಲಿ, ಬೆಳಿಗ್ಗೆ ಬಸ್ಸಿಗೆ ಹೊರಡುವ ಅವಸರದಲ್ಲಿ ಮೇಲೆ ಎಣ್ಣೆ ಸಾಲದೆಂದು ಪಕ್ಕದ ಮನೆಯ ಕ್ಯಾನಿನಿಂದ ಸುರಿದದ್ದಾಗಿ ಹೇಳಿದಳು. ಅದು ಮೊದಲು ಸೀಮೆಎಣ್ಣೆ ಹಾಕಿದ್ದ ಕ್ಯಾನು ಇರಬೇಕು. ಹೊರಗಿನ ಗಾಳಿಯಲ್ಲಿ ಬಟ್ಟೆ ಕಟ್ಟಿದ್ದರಿಂದ ಗೊತ್ತಾಗಿಲ್ಲ. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕೂಡ್ಲಿಗಿಯ ನಾಗಲಿಂಗಮ್ಮ ಗಾದೆಮ್ಮನನ್ನು ಬಿಟ್ಟು ಈರಕ್ಕನನ್ನು ನೋಡುತ್ತಿದ್ದಳು.

"ತೆಲಿಗಿ ಈಕಿ ತವರುಮನಿ. ಗಾದೆಮ್ಮ ಈಕಿ ಅಣ್ಣನ ಮಗಳು. ಸೀಮಿಎಣ್ಣಿ ಬೆರಸಿದ ಖಾರ ಆರಿಸ್ಯಾಳ ಅಂದ್ರ ಇನ್ನೇನು ಹೇಳಬೇಕು? ಜಾಡಿ ಯಾರದು ಅಂತ ಮೊದಲ ಮಾತಾಗಿರತೈತಿ."

ಗದ್ದಲ ಎದ್ದಿತು. ಈರಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ನಾನು ಹತ್ತಿರ ಹೋಗಿ, "ಈರಕ್ಕ, ನಿಂಗ ವಾಸ್ನಿ ಬರಲಿಲ್ಲೇನು?" ಎಂದೆ. ನೆಗಡಿ ಆಗಿತ್ತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಹಾಗೆ ಹೇಳಲಿಲ್ಲ.

"ನನಗ ವಾಸ್ನಿನ ಬರಂಗಿಲ್ಲ. ಜ್ವರ ಬಂದು ಹೋದಾಗಿಂದ. ವರ್ಷದ ಮ್ಯಾಲಾತು."

ನಾಗಲಿಂಗಮ್ಮ ಕೇಳಿದಳು: "ವಾಸ್ನಿ ಹೋದ್ರ ನಾಲಗಿ ಐತಲ್ಲ. ಖಾರ ಹತ್ತಲಿಲ್ಲೇನು?"

"ಹತ್ತೈತಿ."

"ಉಪ್ಪು ಸರಿ ಐತಿ ಅಂತ ಈಗ ನೀನ ಹೇಳಿದೆಲ್ಲ?"

"ಹೇಳೀನಿ. ಅದು ಗೊತ್ತಾಕ್ಕತಿ."

"ಖಾರ ಗೊತ್ತಾಕ್ಕತಿ, ಉಪ್ಪು ಗೊತ್ತಾಕ್ಕತಿ. ಸೀಮಿಎಣ್ಣಿ ಒಂದು ಗೊತ್ತಾಗಂಗಿಲ್ಲ. ಕೇಳ್ರಿ ಎಲ್ಲಾರೂ."

ಕೆಲವರು ನಕ್ಕರು. ಈರಕ್ಕ "ನಾಲಗಿ ಬ್ಯಾರೆ, ಅದು ಬ್ಯಾರೆ. ನಿಮಗ ಹೆಂಗ ತಿಳಿಸ್ಲಿ" ಎಂದು ಎರಡು ಮೂರು ಸಲ ಶುರು ಮಾಡಿ ಮುಂದುವರಿಸಲಾಗದೆ ನಿಲ್ಲಿಸಿದಳು.

ಆಗ ಹಡಗಲಿಯ ಅಂಜಿನಕ್ಕ ಎಂಬ ವಯಸ್ಸಾದ ಹೆಂಗಸು ಎದ್ದು ಬಂದಳು. ಅವರದು ಹೂವಿನ ತೋಟ. ಆ ಊರಿನಿಂದ ಬಂದವರೆಲ್ಲ ಆ ಸಲದ ಮೊದಲ ಮಲ್ಲಿಗೆ ಮುಡಿದುಕೊಂಡು ಬಂದಿದ್ದರು. "ಕಣ್ಣು ಮುಚ್ಚವ್ವ" ಎಂದು ಈರಕ್ಕನಿಗೆ ಹೇಳಿ, ತನ್ನ ಮುಡಿಯಿಂದ ಮಾಲೆ ಬಿಡಿಸಿ ಅವಳ ಮೂಗಿನ ಕೆಳಗೆ ಹಿಡಿದಳು. ಎರಡು ಮಾರು ದೂರದಲ್ಲಿದ್ದ ನನಗೆ ಘಮ ಬರುತ್ತಿತ್ತು.

"ಏನು ಹಿಡಿದೀನಿ ಹೇಳು."

ಈರಕ್ಕ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. "ಇನ್ನೂ ಹಿಡಿದಿಲ್ಲಲ್ಲ ಅಕ್ಕಾರ. ಹಿಡೀರಿ" ಅಂದಳು.

ಅಂಜಿನಕ್ಕನ ಕಣ್ಣಲ್ಲಿ ನೀರು ಬಂತು. ಮಾಲೆಯನ್ನು ಈರಕ್ಕನ ಕೈಗೆ ಕೊಟ್ಟಳು. ಕಣ್ಣು ಬಿಟ್ಟು ನೋಡಿ ಈರಕ್ಕ ಅದನ್ನು ಹಿಡಿದುಕೊಂಡೇ ನಿಂತಳು. ಅಷ್ಟಾದರೂ ಹಿಂದಿನ ಸಾಲಿನಿಂದ ಯಾರೋ, "ಉಸಿರು ಬಿಗಿ ಹಿಡಿದ್ರ ಯಾರಿಗೂ ಬರಂಗಿಲ್ಲ" ಅಂದರು. ಗಾದೆಮ್ಮ ಬಾಗಿಲಲ್ಲಿ ಅತ್ತೆಯನ್ನು ತಡೆದು, "ನಿನ್ನಿಂದ ಐದೂರಾಗ ನಮ್ಮ ಮರ್ಯಾದಿ ಹೋತು ಅತ್ತಿ" ಎಂದು ಹೇಳಿ ಹೋದಳು. ಎಣ್ಣೆ ಸುರಿದವಳು ಅವಳು.

ಗುರುಸಂಗಪ್ಪ ಉಳಿದ ನಾಲ್ಕನ್ನು ತಾವೇ ತಿಂದು, ಒಂದು ತಂಬಿಗೆ ಮಜ್ಜಿಗೆ ಕುಡಿದು, ಹಡಗಲಿಯದನ್ನು ಆರಿಸಿದರು. ಅದರಲ್ಲೂ ಖಾರ ಅರ್ಧ ಮಾಡಿ ಸಕ್ಕರೆ ಹಾಕಬೇಕು ಅಂದರು. ನಮ್ಮ ಕೊಟ್ಟೂರಿನ ಜಾಡಿ ನನ್ನ ತೊಡೆಯ ಮೇಲೆ ವಾಪಸು ಬಂತು.

ಬಸ್ಸು ಅರ್ಧ ದಾರಿ ಬಂದಾಗ ನಾನೇ ಕೇಳಿದೆ: "ಮೊದಲ ಹೇಳಬಾರದಿತ್ತಾ ಈರಕ್ಕ? ನಾನು ಒತ್ತಾಯ ಮಾಡ್ತಿರಲಿಲ್ಲ."

"ಹೇಳಿದ್ರ ನಂಬ್ತಿದ್ದೇನು?"

"ನಂಬ್ತಿದ್ದೆ."

"ನಿಮ್ಮವ್ವಗ ಹೇಳಿದ್ದೆ, ಅಮೃತವ್ವ. ಹೋದ ವರ್ಷನ ಹೇಳಿದ್ದೆ. ಕೆಲಸ ತಪ್ಪಿಸಾಕ ನಾಟಕ ಮಾಡಬ್ಯಾಡ ಅಂದ್ಲು."

ಮನೆಗೆ ಹೋಗಿ ಅವ್ವನನ್ನು ಕೇಳಿದೆ. ಅವ್ವನಿಗೆ ಅಂಥ ಮಾತು ನಡೆದ ನೆನಪೇ ಇರಲಿಲ್ಲ. ಮರುದಿನ ಈರಕ್ಕ ಬಂದಾಗ ಅವ್ವ ತಾನೇ ಚಹಾ ಮಾಡಿ ಕೊಟ್ಟಳು. ಈರಕ್ಕ ಅದನ್ನು ಕುಡಿದು ರೊಟ್ಟಿಗೆ ಕೂತಳು. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ನಡೆದದ್ದು ನನಗೆ ಗೊತ್ತಿಲ್ಲ.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ತವರಿನ ಮೋಹಕ್ಕೆ ಸೀಮೆಎಣ್ಣೆ ಆರಿಸಿದವಳು ಅಂತ ಕೆಲವರು, ಮೂಗಿಲ್ಲದವಳು ಅಂತ ಕೆಲವರು. ಹಿಂದಿನ ವರ್ಷ ಎರಡು ಮನೆಗಳಲ್ಲಿ ಜಾಡಿ ಬೂಷ್ಟು ಹಿಡಿದಿತ್ತು. ಅದನ್ನೂ ಈಗ ಅವಳ ತಲೆಗೆ ಕಟ್ಟಿದರು. ಈರಕ್ಕನಿಗೆ ಇದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. "ಬೂಷ್ಟು ಬರೋದು ಉಪ್ಪಿನಿಂದ. ಉಪ್ಪು ನನಗ ಗೊತ್ತಾಕ್ಕತಿ. ಇನ್ನೊಂದು ಹಿಡಿ ಹಾಕ್ರಿ ಅಂತ ಹೇಳಿ ಬಂದಿದ್ದೆ. ಹಾಕಿಲ್ಲ ಅವ್ರು" ಎಂದು ರೊಟ್ಟಿ ಬಡಿಯುತ್ತಲೇ ಹೇಳುವಳು. ಕೇಳುವವರು ಖಾನಾವಳಿಯ ಅಡುಗೆಮನೆಯಲ್ಲಿ ಅವ್ವ, ನಾನು ಇಬ್ಬರೇ. ತೆಲಿಗಿಯಿಂದ ಆ ವರ್ಷ ಯುಗಾದಿಗೂ ಕರೆ ಬರಲಿಲ್ಲ.

ಮುಂದಿನ ವರ್ಷ ಯಾರೂ ಕರೆಯಲಿಲ್ಲ. ಆ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಮಂಡಕ್ಕಿ ಅಂಗಡಿಗಳ ಸಾಲಿನಲ್ಲಿ ಗೋಬಿ ಮಂಚೂರಿ ಗಾಡಿ ನಿಂತಿತ್ತು. ಗಾಡಿಯ ಮೇಲೆ ಕೆಂಪು ಸಾಸಿನ ಬಾಟಲಿಗಳು. ನಮ್ಮ ಖಾನಾವಳಿಗೆ ಬರುವ ಕಾಲೇಜು ಹುಡುಗಿಯರು ಸಾಸ್ ಇಲ್ಲವಾ ಎಂದು ಕೇಳಲು ಶುರು ಮಾಡಿದ್ದರಿಂದ ಅಪ್ಪ ಎರಡು ಬಗೆಯ ಬಾಟಲಿ ತಂದರು. ಯಾವುದು ಇಡೋಣ ಎಂದು ಅವ್ವ ಈರಕ್ಕನ ಅಂಗೈಗೇ ಮೊದಲು ಹಾಕಿದಳು. ಹಳೆಯ ರೂಢಿ. ಹಾಕಿದ ಮೇಲೆ ತಪ್ಪಾಯಿತೆಂದು ತುಟಿ ಕಚ್ಚಿಕೊಂಡಳು.

ಈರಕ್ಕ ಎರಡನ್ನೂ ನೆಕ್ಕಿದಳು. "ಸಿಹಿ ಐತಿ, ಹುಳಿ ಐತಿ. ಒಂದೀಟು ಉರಿ ಐತಿ. ಬ್ಯಾರೆ ಏನೈತಿ ನೋಡು" ಎಂದು ಜೊತೆಗೆ ಬಂದಿದ್ದ ಸಂಗೀತಾಳ ಕೈಗೆ ಬಾಟಲಿ ಕೊಟ್ಟಳು.

ಸಂಗೀತಾ ತಿಂದು ಯೋಚಿಸಿ ಹೇಳಿದಳು: "ಅಷ್ಟ ಅತ್ತಿ. ಬ್ಯಾರೆ ಏನೂ ಇಲ್ಲ ಅದ್ರಾಗ."

"ಖರೇನು?"

"ಖರೇವ ಅತ್ತಿ."

"ಹಂಗಾದ್ರ ಇದೊಂದು ನಾನು ಪೂರಾ ರುಚಿ ನೋಡಿದಂಗಾತು" ಅಂದು ಈರಕ್ಕ ನಕ್ಕಳು. ಬಹಳ ದಿನದ ಮೇಲೆ ಅವಳು ನಕ್ಕದ್ದು ಅವತ್ತು.

ಅಲ್ಲಿಂದ ಅವಳಿಗೆ ಒಂದು ಹಟ ಹತ್ತಿತು. ತನ್ನ ಬದಲು ಸಂಗೀತಾ ತಿನ್ನಬೇಕು, ತಿಂದದ್ದನ್ನು ತನಗೆ ಹೇಳಬೇಕು, ತೀರ್ಪು ತಾನು ಕೊಡಬೇಕು. ಆ ಚಳಿಗಾಲ ನಮ್ಮ ಮನೆಯ ಖಾರದ ಮುಂದೆ ಅತ್ತೆ ಸೊಸೆಯನ್ನು ಕೂರಿಸಿದಳು.

"ಹೆಂಗೈತಿ?"

"ಚಲೋ ಐತಿ ಅತ್ತಿ."

"ಚಲೋ ಅಂದ್ರ ಏನು? ಎಮ್ಮಿ ಚಲೋ ಐತಿ, ಸೀರಿ ಚಲೋ ಐತಿ. ಖಾರ ಹೆಂಗೈತಿ ಹೇಳು."

"ಬೆಳ್ಳುಳ್ಳಿ ವಾಸ್ನಿ ಬರ್ತೈತಿ."

"ಮೊದಲ ಬರ್ತೈತೋ, ನುಂಗಿದ ಮ್ಯಾಲ ಬರ್ತೈತೋ?"

"ಬರ್ತೈತಿ ಅಷ್ಟ. ಮೊದಲೋ ಹಿಂದೋ ಯಾರಿಗೆ ಗೊತ್ತು?"

"ಮತ್ತ ತಿನ್ನು."

ಸಂಗೀತಾ ಮತ್ತೆ ತಿಂದಳು. ಆರು ಸಲ ತಿಂದಳು. ತುಟಿ ಊದಿಕೊಂಡಿತು. ಏಳನೆಯ ಸಲ ಅಂಗೈ ಹಿಂದಕ್ಕೆಳೆದುಕೊಂಡು, "ನಿನ್ನ ನಾಲಗಿ ನನ್ನ ಬಾಯಾಗ ಇಡಾಕ ಬರಂಗಿಲ್ಲ ಅತ್ತಿ" ಎಂದು ಎದ್ದುಹೋದಳು. ನಾಲ್ಕು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ಅಡುಗೆ ಮಾಡಿ ತಟ್ಟೆ ಮುಂದಿಟ್ಟು ಹೋಗಿಬಿಡುವಳು. ಐದನೆಯ ದಿನ ರೊಟ್ಟಿ ಇಡುತ್ತಾ, "ನುಂಗಿದ ಮ್ಯಾಲ ಬರ್ತೈತಿ. ಮೂಗಿನ ಒಳಗಿಂದ ಬರ್ತೈತಿ" ಅಂದಳು. ಈರಕ್ಕ ತಟ್ಟೆ ಎಳೆದುಕೊಂಡು, "ಹೂಂ. ಹಂಗ ಬರಬೇಕು" ಅಂದಳು.

ಎರಡು ಸಾವಿರದ ಐದರಲ್ಲಿ ಈರಕ್ಕನಿಗೆ ವಾಸನೆ ಮರಳಿತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಒಮ್ಮೆಲೇ ತಲೆಯೆತ್ತಿ, "ಏನೋ ಬರ್ತೈತಿ" ಅಂದಳು. ನಾವು ಕೆಲಸ ಬಿಟ್ಟು ಸುತ್ತ ಸೇರಿದೆವು. ಅವಳು ಮೂಗನ್ನು ಅತ್ತಿತ್ತ ತಿರುಗಿಸುತ್ತಾ ಹೋಗಿ ಒಗ್ಗರಣೆಯ ಮುಂದೆ ನಿಂತಳು. ಮುಖ ಕಿವುಚಿತು.

"ಯಾರು ಉಣ್ಣಿ ಸುಡಾಕತ್ತೀರಿ?"

ಬಾಣಲೆಯಲ್ಲಿದ್ದದ್ದು ಬೆಳ್ಳುಳ್ಳಿ. ಅವಳಿಗೆ ಅದು ಕುರಿಯ ಉಣ್ಣೆ ಸುಟ್ಟ ವಾಸನೆಯಾಗಿ ಬರುತ್ತಿತ್ತು. ಈರುಳ್ಳಿಯೂ ಅದೇ, ಕಾಫಿಯೂ ಅದೇ. ಮಲ್ಲಿಗೆ ಮಾತ್ರ ಈಗಲೂ ಏನೂ ಇಲ್ಲ. ದಿನ ಕಳೆದಂತೆ ಸರಿಹೋದೀತು ಅಂದುಕೊಂಡಳು. ಹೋಗಲಿಲ್ಲ. ಐದು ವರ್ಷ ಬರಲಿ ಬರಲಿ ಎಂದು ಕಾದದ್ದು ಹೀಗೆ ಬಂದಿತ್ತು. ಬೆಳ್ಳುಳ್ಳಿ ಇರುವ ಖಾರ ಬಾಯಿಗಿಡಲಾರದೆ ಮೊಸರು, ಉಪ್ಪು ಹಚ್ಚಿ ರೊಟ್ಟಿ ತಿನ್ನತೊಡಗಿದಳು. "ಇಲ್ದಾಗ ಚಂದಿತ್ತು. ಕೊಡೋನು ಸರಿಯಾಗಿ ಕೊಡಬೇಕು, ಇಲ್ಲಾ ಸುಮ್ಮನಿರಬೇಕು" ಎಂದು ಯಾರಿಗೆ ಅಂತಿಲ್ಲದೆ ಬೈದುಕೊಳ್ಳುವಳು. ಖಾನಾವಳಿಯಲ್ಲಿ ಒಗ್ಗರಣೆಯ ಹೊತ್ತಿಗೆ ಎದ್ದು ಹೊರಗೆ ಹೋಗಿ ನಿಲ್ಲುವುದು ಅವಳ ರೂಢಿಯಾಯಿತು.

ಅಷ್ಟರಲ್ಲಿ ಜನ ಸಂಗೀತಾಳನ್ನು ಕರೆಯಲು ಶುರು ಮಾಡಿದ್ದರು. ಅವಳು ಅತ್ತೆಯ ಹಾಗೆ ಗೋಡೆ ನೋಡಿಕೊಂಡು ಕೂಡುವುದಿಲ್ಲ. ನಗುನಗುತ್ತಾ ಮಾತಾಡುತ್ತಾಳೆ, ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಬಾಯಿ ಬಿಟ್ಟು ಹೇಳುತ್ತಾಳೆ. ಅದೂ ಈರಕ್ಕನಿಗೆ ಸರಿಬರುತ್ತಿರಲಿಲ್ಲ.

ಎರಡು ಸಾವಿರದ ಏಳರ ಫೆಬ್ರುವರಿಯಲ್ಲಿ ನಮ್ಮ ಮನೆಯ ಖಾರ ಅರೆಯುವ ದಿನ ಈರಕ್ಕ ಹಿತ್ತಿಲ ಬಾಗಿಲ ಹೊರಗೆ ಗಾಳಿ ಬರುವ ಕಡೆ ಕೂತಿದ್ದಳು. ಮೆಣಸಿನಕಾಯಿ ಆರಿಸಿದ್ದು ಅವಳೇ. ಒಂದೊಂದನ್ನೂ ಮುರಿದು, ಬೀಜ ನೋಡಿ, ಅರ್ಧ ಮೂಟೆ ಬದಿಗೆ ಹಾಕಿಸಿದ್ದಳು. ಒಳಗೆ ಒರಳಿನ ಮುಂದೆ ಸಂಗೀತಾ. ಹುಣಸೆಹಣ್ಣು ಕಡಿಮೆ ಮಾಡಿ ನಿಂಬೆಹಣ್ಣಿನ ರಸ ಹಾಕಿದ್ದಾಳೆಂದು ತಿಳಿದು ಈರಕ್ಕ ಹೊರಗಿನಿಂದಲೇ ಕೂಗಿದಳು.

"ನಿಂಬಿಹಣ್ಣು ಹಾಕಾಕ ಯಾರು ಹೇಳಿದ್ರು? ತಾ ಇಲ್ಲಿ."

ಸಂಗೀತಾ ಕಡಲೆಕಾಳಿನಷ್ಟು ತಂದು ಅವಳ ಅಂಗೈಗೆ ಹಾಕಿದಳು. ಈರಕ್ಕ ಎಡಗೈಯಿಂದ ಮೂಗು ಬಿಗಿ ಹಿಡಿದು ನಾಲಗೆಗೆ ಹಚ್ಚಿಕೊಂಡಳು.

"ಉಪ್ಪು ಸಾಲದು. ಇನ್ನೊಂದು ಹಿಡಿ ಬೇಕು."

"ಸಾಕು ಅತ್ತಿ. ಹುಳಿ ಜಾಸ್ತಿ ಆಗೈತಿ, ಹಂಗಾಗಿ ನಿನಗ ಕಡಿಮಿ ಅನಸ್ತೈತಿ. ಬೂಷ್ಟು ಬರಂಗಿಲ್ಲ."

"ಉಪ್ಪಿನ ಮಾತು ನನಗ ಹೇಳಬ್ಯಾಡ. ಮೂಗು ಹೋಗೇತಿ, ನಾಲಗಿ ಹೋಗಿಲ್ಲ."

"ತಿನ್ನೋರು ನಾವು ಅತ್ತಿ. ನೀ ತಿನ್ನಂಗಿಲ್ಲ."

ಈ ಮಾತು ಜಾಸ್ತಿಯಾಯಿತು ಎಂದು ನನಗೂ ಅನ್ನಿಸಿತು. ಸಂಗೀತಾಳಿಗೂ ಅನ್ನಿಸಿರಬೇಕು, ಅವಳು ನೆಲ ನೋಡಿದಳು. ಈರಕ್ಕ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಹಿತ್ತಿಲ ನಲ್ಲಿಯ ಕಡೆ ನಡೆದಳು. ಸೊಸೆ ಕೊಡ ಎತ್ತಿಕೊಂಡು ಅವಳ ಹಿಂದೆಯೇ ಹೋದಳು. ಅಲ್ಲಿಯೂ ಏನೋ ವಾದ ನಡೆಯುತ್ತಿರುವುದು ಕೇಳಿಸುತ್ತಿತ್ತು.

ಅವ್ವ ಇಬ್ಬರ ಬೆನ್ನೂ ಮರೆಯಾದದ್ದನ್ನು ನೋಡಿ ಉಪ್ಪಿನ ಮರಿಗೆಯಿಂದ ಅರ್ಧ ಹಿಡಿ ತೆಗೆದು ಒರಳಿಗೆ ಹಾಕಿ, ನನ್ನ ಕಡೆ ಬೆರಳು ಆಡಿಸಿ ಸುಮ್ಮನಿರು ಅಂದಳು. ಆ ಖಾರ ದಸರೆಯವರೆಗೆ ಕೆಡದೆ ಬಂತು. ತಾನು ಹೇಳಿದಷ್ಟು ಉಪ್ಪನ್ನು ಸೊಸೆ ಆಮೇಲೆ ಹಾಕಿರಬೇಕು, ಅದಕ್ಕೇ ಉಳಿಯಿತು ಎಂದು ಈರಕ್ಕ ಇವತ್ತಿಗೂ ಹೇಳುತ್ತಾಳೆ. ಹಾಕದಿದ್ದರೂ ಉಳಿಯಿತು ನೋಡು ಅತ್ತಿ ಎಂದು ಸಂಗೀತಾ ಹೇಳುತ್ತಾಳೆ.